ಬೆನ್ನಿಗೆ ಮೂರು ತಟ್ಟು

ತರಬೇತಿಯ ಮೂರನೇ ವಾರದ ಒಂದು ಬೆಳಿಗ್ಗೆ, ಹನ್ನೆರಡು ಅಡಿ ನೀರಿನ ತಳದಲ್ಲಿ, ಆ ಹುಡುಗಿ ನನ್ನ ಕೈಯಲ್ಲಿ ಹೆಣದಂತಾದಳು. ಸತ್ತಿರಲಿಲ್ಲ. ಉಸಿರಾಡಲು ಬಾಯಲ್ಲಿ ಕಚ್ಚಿಕೊಂಡಿದ್ದ ರೆಗ್ಯುಲೇಟರಿನಿಂದ ಗುಳ್ಳೆಗಳು ಸರಿಯಾಗಿಯೇ ಏಳುತ್ತಿದ್ದವು. ಆದರೆ ಕಾಲು ಆಡುತ್ತಿರಲಿಲ್ಲ, ಕೈಗಳು ಜೋತುಬಿದ್ದಿದ್ದವು, ತಲೆ ಹಿಂದಕ್ಕೆ ವಾಲಿ ನನ್ನ ಹೆಗಲಿಗೆ ಒರಗಿತ್ತು. ‘ಸರಿ ಇದ್ದೀಯಾ?’ ಎಂದು ಅವಳ ತೋಳನ್ನು ಒಮ್ಮೆ ಹಿಸುಕಿದೆ. ಉತ್ತರವಿಲ್ಲ. ಮತ್ತೊಮ್ಮೆ ಹಿಸುಕಿದೆ. ಇಲ್ಲ.

ಆ ಭಾರ ನನಗೆ ಚೆನ್ನಾಗಿ ಗೊತ್ತು. ಅಗ್ನಿಶಾಮಕ ಠಾಣೆಯಲ್ಲಿ ಮುಳುಗುಗಾರನಾಗಿದ್ದಷ್ಟು ಕಾಲ ಹರಿಹರದ ತುಂಗಭದ್ರೆಯಿಂದ ನಾನು ಮೇಲೆತ್ತಿದ್ದು ಇದೇ ಭಾರವನ್ನು. ಅವಳ ಜಾಕೆಟ್ಟಿಗೆ ಗಾಳಿ ತುಂಬಿ ಮೇಲೆ ತಂದು ಕೊಳದ ಅಂಚಿಗೆ ಒರಗಿಸಿದೆ. ಹುಡುಗಿ ರೆಗ್ಯುಲೇಟರ್ ಉಗುಳಿ, ಏನೂ ಆಗದವಳ ಹಾಗೆ ಕೇಳಿದಳು:

“ಯಾಕ ಮ್ಯಾಲ ತಂದ್ರಿ ಸಾರ್? ಟೈಮ್ ಆತೇನು?”

ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. “ಕಾಲು ಯಾಕ ಆಡಿಸ್ಲಿಲ್ಲ? ಕೈ ಹಿಸುಕಿದ್ರ ಉತ್ತರ ಯಾಕ ಕೊಡ್ಲಿಲ್ಲ?” ಎಂದು ರೇಗಿದೆ.

“ಆಡಿಸಬೇಕು ಅಂತ ಅನ್ನಿಸ್ಲಿಲ್ಲ ಸಾರ್,” ಅಂದಳು. ಬೆದರಿರಲಿಲ್ಲ. ಬೆದರಿದ್ದು ನಾನು.

ನಿವೃತ್ತನಾದ ಮೇಲೆ ಕರಾವಳಿಗೆ ಹೋಗಿ, ಸಿಲಿಂಡರ್ ಕಟ್ಟಿಕೊಂಡು ನೀರೊಳಗೆ ಈಜುವ ಸ್ಕೂಬಾ ಕಲಿಸುವ ಪರವಾನಗಿ ಮಾಡಿಸಿಕೊಂಡು ಬಂದಿದ್ದೆ. ದಾವಣಗೆರೆಯಲ್ಲಿ ಸ್ಕೂಬಾ ಕಲಿಯುವವರಾದರೂ ಯಾರು? ನಮ್ಮೂರಿನವರಿಗೆ ನೀರೆಂದರೆ ನಲ್ಲಿಯಲ್ಲಿ ಬಂದಾಗ ಡ್ರಮ್ಮಿಗೆ ತುಂಬಿಟ್ಟುಕೊಳ್ಳುವ ವಸ್ತು. ಹಾಗಾಗಿ ಎಸ್.ಎಸ್. ಬಡಾವಣೆಯಲ್ಲಿ ಮಕ್ಕಳಿಗೆ ಚಿಕಿತ್ಸೆ ಕೊಡುವ ಫಿಸಿಯೋ ಮೇಡಂ ಮನೆಗೆ ಬಂದು, “ನನ್ನ ಮಕ್ಕಳಿಗೆ ನೀರೊಳಗೆ ಭಾರ ಇರಲ್ಲ ಸಾರ್, ಒಂದೆರಡು ತಿಂಗಳು ಬರ್ರಿ, ಸಂಬಳ ಗಿಂಬಳ ಕೇಳಬ್ಯಾಡ್ರಿ” ಎಂದಾಗ ಒಪ್ಪಿಕೊಂಡೆ. ಮಕ್ಕಳು ನಾಲ್ಕು ಜನ. ಕಿವಿ ಕೇಳದ ಅಕ್ಕ ತಂಗಿ, ಸೊಂಟದ ಕೆಳಗೆ ಬಲವಿಲ್ಲದ ಒಬ್ಬ ಹುಡುಗ, ಮತ್ತು ಹುಟ್ಟಿನಿಂದ ಕಣ್ಣು ಕಾಣದ ಈ ಹದಿಮೂರರ ಹುಡುಗಿ. ಆವರಗೆರೆಯಿಂದ ಅಜ್ಜಿಯ ಜೊತೆ ಆಟೋದಲ್ಲಿ ಬರುತ್ತಿದ್ದಳು. ತಿಂಗಳ ಕೊನೆಗೆ ನಾಲ್ವರನ್ನೂ ಸಮುದ್ರಕ್ಕೆ ಕರೆದೊಯ್ಯುವ ಮಾತಾಗಿತ್ತು.

ಕೊಳ ಊರ ಅಂಚಿನಲ್ಲಿತ್ತು. ಹಿಂದೆ ಎತ್ತರದಿಂದ ಧುಮುಕಲೆಂದು ಒಂದು ತುದಿಯನ್ನು ಹನ್ನೆರಡು ಅಡಿ ಆಳ ಮಾಡಿದ್ದರು. ಧುಮುಕುವ ಹಲಗೆ ಕಿತ್ತುಹೋಗಿ, ಕಬ್ಬಿಣದ ಎರಡು ಕಂಬ ಮಾತ್ರ ಉಳಿದಿದ್ದವು. ಬೆಳಿಗ್ಗೆ ಎಂಟಕ್ಕೆ ಜನ ಬರುವ ಮೊದಲು ಒಂದೂವರೆ ಗಂಟೆ ನಮ್ಮದು. ಚಳಿಗಾಲದ ಆ ಹೊತ್ತಿನಲ್ಲಿ ನೀರಿನ ಮೇಲೆ ತೆಳ್ಳಗೆ ಹಬೆ ಆಡುತ್ತಿತ್ತು, ಆಳದ ತುದಿ ಕಡುಹಸಿರಾಗಿ ಕಾಣುತ್ತಿತ್ತು.

ಕಣ್ಣು ಕಾಣದವರಿಗೆ ಕಲಿಸುವ ಕ್ರಮವೇ ಬೇರೆ. ಇತರರಿಗೆ ಬೆರಳಿನ ಸನ್ನೆ, ಇವಳಿಗೆ ತೋಳಿನ ಮೇಲೆ ಸನ್ನೆ. ಒಮ್ಮೆ ಹಿಸುಕಿದರೆ ‘ಸರಿ ಇದ್ದೀಯಾ’, ತಿರುಗಿ ಒಮ್ಮೆ ಹಿಸುಕಿದರೆ ‘ಸರಿ ಇದ್ದೇನೆ’. ಎರಡು ಸಲ ಹಿಸುಕಿದರೆ ‘ಮೇಲೆ ಹೋಗೋಣ’. ಹಿಸುಕಿ ಹಿಡಿದೇ ಇದ್ದರೆ ‘ನಿಲ್ಲು’. ಅಷ್ಟೇ. ಮೂರರ ಸನ್ನೆ ನಮ್ಮ ಪಟ್ಟಿಯಲ್ಲಿ ಇರಲಿಲ್ಲ. ಕೊಳದ ತಳಕ್ಕೆ ಮರಳಿನ ಚೀಲ ಕಟ್ಟಿದ ಹಗ್ಗವೊಂದನ್ನು ಹಾಸಿ, ಮಾರಿಗೊಂದು ಗಂಟು ಹಾಕಿದ್ದೆ. ಗಂಟು ಎಣಿಸುತ್ತಾ ಹೋದರೆ ಇಪ್ಪತ್ತನೆಯದು ಆಳದ ತುದಿ. ಜೊತೆಗೆ ಇಬ್ಬರು ಇರಲೇಬೇಕು, ಅವರಲ್ಲೊಬ್ಬ ಕಲಿಸುವವನಾಗಿದ್ದು ಕೈಗೆ ತಾಗುವಷ್ಟು ಹತ್ತಿರ ಇರಬೇಕು ಎಂಬುದು ನಿಯಮ. ಆ ಒಬ್ಬ ನಾನು. ಮಕ್ಕಳಿಗಿಂತ ಮೊದಲೇ ನನ್ನಿಂದ ಕಲಿತು ಪಾಸಾಗಿದ್ದ ಮೇಡಂ ಇನ್ನೊಬ್ಬರು, ಅವರು ನಮ್ಮ ಮುಂದೆ ಹೋಗುತ್ತಿದ್ದರು.

ಹುಡುಗಿ ಕಲಿಕೆಯಲ್ಲಿ ಚುರುಕು. ಮೂಗು ಹಿಡಿದು ಕಿವಿಯ ಒತ್ತಡ ಬಿಡಿಸುವುದು, ಬಾಯಿಂದ ಜಾರಿದ ರೆಗ್ಯುಲೇಟರನ್ನು ಬಲಗೈ ಬೀಸಿ ಹುಡುಕಿಕೊಳ್ಳುವುದು, ಮಾಸ್ಕಿನೊಳಗೆ ನುಗ್ಗಿದ ನೀರನ್ನು ಮೂಗಿನ ಉಸಿರಿನಿಂದ ಹೊರಹಾಕುವುದು, ಎಲ್ಲವನ್ನೂ ಒಂದೇ ವಾರದಲ್ಲಿ ಕಲಿತಳು. ‘ಕಣ್ಣೇ ಕಾಣದವಳಿಗೆ ಮಾಸ್ಕ್ ಯಾಕ ಸಾರ್?’ ಎಂದು ನನ್ನನ್ನೇ ಗೇಲಿ ಮಾಡಿದ್ದಳು. ನೀರೆಂದರೆ ಯಾಕೆ ಇಷ್ಟ ಎಂದು ಕೇಳಿದ್ದಕ್ಕೆ, “ನೆಲದ ಮ್ಯಾಲ ಎಲ್ರೂ ನನ್ನ ಮೊಳಕೈ ಹಿಡ್ದು ಎಳ್ಕೊಂಡು ಹೊಕ್ಕಾರ. ನೀರಾಗ ಎಳೆಯಾಕ ಬರಲ್ಲ,” ಅಂದಿದ್ದಳು.

ಅಂಥವಳು ಆಳಕ್ಕೆ ಹೋದೊಡನೆ ಜೋತುಬೀಳುತ್ತಿದ್ದಳು. ಒಂದು ಸಲವಲ್ಲ, ಮುಂದಿನ ಎರಡು ತರಗತಿಗಳಲ್ಲೂ ಹಾಗೇ ಆಯಿತು. ತೇಲದಂತೆ ಸೊಂಟಕ್ಕೆ ಕಟ್ಟುವ ಸೀಸದ ತೂಕ ಒಂದು ಕಿಲೋ ಇಳಿಸಿದೆ. ಮಾಸ್ಕ್ ಬದಲಿಸಿದೆ. ಸಿಲಿಂಡರಿನ ಗಾಳಿ ಕೆಟ್ಟಿದೆಯೇನೋ ಎಂದು ಅದೇ ಸಿಲಿಂಡರ್ ನಾನೇ ಕಟ್ಟಿಕೊಂಡು ಅರ್ಧ ಗಂಟೆ ತಳದಲ್ಲಿ ಕೂತೆ. ಮಕ್ಕಳ ಡಾಕ್ಟರು ರಕ್ತ, ಸಕ್ಕರೆ, ಎದೆ, ತಲೆ ಎಲ್ಲ ನೋಡಿ ಏನೂ ಇಲ್ಲವೆಂದರು. ಏನೂ ಇಲ್ಲದ್ದೇ ಅವರಿಗೆ ಹೆಚ್ಚು ಭಯ ತಂದಿತು. “ಭಾನುವಾರ ನಾನೇ ಬಂದು ನೋಡ್ತೀನಿ. ಆಳದಲ್ಲಿ ಹತ್ತು ನಿಮಿಷ ಕೈಕಾಲು ಆಡಿಸ್ತಾ ಇರಬೇಕು. ಅವತ್ತೂ ಹಿಂಗಾದ್ರೆ ಸಮುದ್ರ ಇಲ್ಲ, ಕೊಳಾನೂ ಇಲ್ಲ,” ಎಂದುಬಿಟ್ಟರು. ಹುಡುಗಿ ಅಲ್ಲೇ ನಿಂತಿದ್ದಳು. ಅಳಲಿಲ್ಲ. ಕೈಯಲ್ಲಿದ್ದ ಒದ್ದೆ ಟವೆಲನ್ನು ಹಿಂಡುತ್ತಲೇ ಇದ್ದಳು, ಅದರಲ್ಲಿ ನೀರು ಮುಗಿದು ಬಹಳ ಹೊತ್ತಾಗಿತ್ತು.

ಮರುದಿನ ಒಂದು ಪ್ರಯೋಗ ಮಾಡಿದೆವು. ಅವಳನ್ನು ಹಿಡಿದು ಮೇಡಂ ಇಳಿದರು, ನಾನು ಎರಡು ಅಡಿ ದೂರದಲ್ಲಿ ಹಿಂಬಾಲಿಸಿದೆ. ಹುಡುಗಿ ಆಳದ ತುದಿಯಲ್ಲಿ ಗಿರಕಿ ಹೊಡೆದಳು, ನನಗೆ ಕಾಲಿನಿಂದ ಒದ್ದಳು, ನೀರೊಳಗೇ ನಕ್ಕು ಒಂದು ಗುಟುಕು ಕುಡಿದಳು. ಮೇಲೆ ಬಂದು ಸುಧಾರಿಸಿಕೊಂಡ ಮೇಲೆ ಅವಳನ್ನು ನನ್ನ ಜೊತೆ ಇಳಿಸಿದೆವು. ಹದಿನೆಂಟನೇ ಗಂಟು ದಾಟಿತೋ ಇಲ್ಲವೋ, ಕಾಲು ನಿಂತಿತು, ತಲೆ ಹಿಂದಕ್ಕೆ ವಾಲಿ ನನ್ನ ಹೆಗಲಿಗೆ ಬಂತು.

ಮೇಲೆ ಬಂದ ಮೇಲೆ ಅವಳೇ ಕೇಳಿದಳು. “ಸಾರ್, ಮೂರು ಸಲ ತಟ್ಟಿದ್ರ ಏನರ್ಥ? ಅದನ್ನ ನೀವು ಹೇಳಿಕೊಡಲೇ ಇಲ್ಲ.”

“ಯಾವ ಮೂರು ಸಲ?”

“ಆಳಕ್ಕ ಹೋದಾಗ ಬೆನ್ನಿಗೆ ತಟ್ತಾರಲ್ಲ ಸಾರ್. ಮೆತ್ತಗ. ದಿನಾ ತಟ್ತಾರ.”

“ನಾನು ತಟ್ಟಲ್ಲ,” ಅಂದೆ. ಮೇಡಂ ಕಡೆ ನೋಡಿದೆ. ಅವರೂ ಇಲ್ಲವೆಂದು ತಲೆಯಾಡಿಸಿದರು.

“ಹಂಗಾದ್ರ ಯಾರೋ ತಟ್ತಾರ,” ಅಂದಳು ಹುಡುಗಿ. “ತಟ್ಟಿದ ಮ್ಯಾಲ ಸುಮ್ಮನಾಗಬೇಕು ಅನ್ನಿಸ್ತೈತೆ. ಹೊತ್ಕೊಂಡು ಹೋಗ್ತಾರ ಬಿಡು ಅಂತ.”

ಕೊಳದ ಕಾವಲುಗಾರ ಪೊರಕೆ ಹಿಡಿದು ಅಲ್ಲೇ ನಿಂತಿದ್ದ. ಅವನ ಕೈ ನಿಂತುಹೋಯಿತು. “ಇಲ್ಲಿ ಮೊದ್ಲು ಬಾವಿ ಇತ್ತು ಸಾರ್,” ಅಂದ ಮೆಲ್ಲಗೆ. “ಈ ಆಳದ ಕಡೆನೇ. ಮುಚ್ಚಿ ಕಟ್ಟಿದ್ದು.” ಸುಮ್ಮನಿರಪ್ಪಾ ಮಾರಾಯ ಎಂದು ಗದರಿದೆ. ಅವತ್ತಿನಿಂದ ಅವನು ಆಳದ ಕಡೆ ಪೊರಕೆ ಹಾಕುವುದನ್ನೇ ಬಿಟ್ಟ. ನಾನೂ ಸಿಲಿಂಡರ್ ಬಿಚ್ಚುವಾಗ ಆ ಹಸಿರು ನೀರಿಗೆ ಬೆನ್ನು ಮಾಡಿ ನಿಲ್ಲದಾದೆ. ಎಷ್ಟೋ ಕತ್ತಲ ನೀರಿಗೆ ಇಳಿದವನಿಗೆ ಟೈಲ್ಸ್ ಹಾಕಿದ ಕೊಳ ಕಂಡು ಹೆದರಿಕೆ! ನಾಚಿಕೆಯಾಗುತ್ತಿತ್ತು, ಆದರೂ ಹೆದರಿಕೆ ಹೋಗುತ್ತಿರಲಿಲ್ಲ.

ಮೇಡಂ ಬಳಿ ನೀರೊಳಗೆ ಚಿತ್ರ ತೆಗೆಯುವ ಪುಟ್ಟ ಕ್ಯಾಮೆರಾ ಇತ್ತು. ಗುರುವಾರ ಅದನ್ನು ಹಣೆಗೆ ಕಟ್ಟಿಕೊಂಡು, ಮುಂದೆ ಹೋಗದೆ ನಮ್ಮ ಹಿಂದೆ ಬಂದರು. ಹುಡುಗಿ ಮತ್ತೆ ಜೋತುಬಿದ್ದಳು. ಬಟ್ಟೆ ಬದಲಿಸುವ ಕೋಣೆಯ ಹೊರಗೆ ಬೆಂಚಿನ ಮೇಲೆ ಕೂತು, ಮೇಡಂ ಫೋನಿನಲ್ಲಿ ಚಿತ್ರ ಹಾಕಿದರು.

ಮೊದಲಿಗೆ ಎಲ್ಲ ಸರಿಯಿತ್ತು. ನನ್ನ ಎಡಗೈ ಪಾಠದ ಪ್ರಕಾರ ಅವಳ ಸಿಲಿಂಡರಿನ ಕುತ್ತಿಗೆಯನ್ನು ಹಿಡಿದಿತ್ತು. ಹದಿನೇಳು, ಹದಿನೆಂಟು. ನೀರು ಹಸಿರಾಯಿತು. ಆಗ ಆ ಕೈ ಸಿಲಿಂಡರ್ ಬಿಟ್ಟಿತು. ಅವಳ ಕಂಕುಳಡಿ ತೂರಿ, ಎದೆಯ ಪಟ್ಟಿಯನ್ನು ಹಿಡಿದು ಹಿಂದಕ್ಕೆ ಎಳೆದುಕೊಂಡಿತು. ಅವಳ ತಲೆ ನನ್ನ ಹೆಗಲಿಗೆ ಒರಗಿತು. ನಾನು ಮುಖ ಅತ್ತ ತಿರುಗಿಸಿದೆ. ಆಮೇಲೆ ಬಲಗೈ ಬಂದು ಅವಳ ಸೊಂಟದ ಮೇಲೆ, ಬೆನ್ನಿಗೆ, ನಿಧಾನವಾಗಿ ತಟ್ಟಿತು. ಒಂದು. ಎರಡು. ಮೂರು.

ನನ್ನದೇ ಕೈ. ಬೆರಳಿನ ಉಂಗುರ ಕೂಡ ಕಾಣುತ್ತಿತ್ತು. ತಟ್ಟಿದ ನೆನಪು ಮಾತ್ರ ನನಗೆ ಎಳ್ಳಷ್ಟೂ ಇರಲಿಲ್ಲ. ದೆವ್ವವೇ ಕಂಡಿದ್ದರೂ ಅಷ್ಟು ಹೆದರುತ್ತಿರಲಿಲ್ಲವೇನೋ.

“ಇದೇನ್ ಸಾರ್?” ಎಂದು ಮೇಡಂ ಕೇಳಿದರು.

ಹೇಳಿದೆ. ಹೊಸದಾಗಿ ನದಿಗೆ ಇಳಿಯುತ್ತಿದ್ದ ಕಾಲದಲ್ಲಿ ಹರಿಹರದ ಒಬ್ಬ ಅಂಬಿಗ ನನಗೆ ಗುರು. ಹೆಣ ಸಿಕ್ಕಿದರೆ ಎದುರಿನಿಂದ ಹಿಡಿಯಬಾರದು, ಹಿಂದಿನಿಂದ ಕಂಕುಳಿಗೆ ಕೈ ಹಾಕಬೇಕು, ಮುಖ ನೋಡಬಾರದು ಎಂದು ಕಲಿಸಿದವನು ಅವನು. ಎತ್ತುವ ಮೊದಲು ಬೆನ್ನಿಗೆ ಮೂರು ಸಲ ತಟ್ಟಿ, ‘ಬಾ, ಮನಿಗೆ ಹೋಗಾನ’ ಎಂದು ಮನಸ್ಸಿನಲ್ಲೇ ಕರೆಯಬೇಕು. ಕರೆಯದಿದ್ದರೆ ಹೆಣ ಭಾರವಾಗುತ್ತದೆ, ಬರುವುದಿಲ್ಲ ಎಂಬುದು ನದಿಯವರ ನಂಬಿಕೆ. ನಾನು ನಂಬಿದವನಲ್ಲ. ಆದರೂ ಪ್ರತಿ ಸಲ ತಟ್ಟಿದ್ದೆ. ಹುಟ್ಟುಗುಣ ಸುಟ್ಟರೂ ಹೋಗದು ಅಂತಾರೆ. ಕಲಿತ ಗುಣ ನೀರಲ್ಲಿ ನೆನೆದರೂ ಹೋಗದು ಎಂದು ಅವತ್ತು ಗೊತ್ತಾಯಿತು.

ಗೊತ್ತಾದ ಮೇಲೆ ಬಿಡಬಹುದಲ್ಲ ಎಂದುಕೊಂಡೆವು. ಶುಕ್ರವಾರ ದಪ್ಪ ಕೈಗವಸು ಹಾಕಿಕೊಂಡು, ‘ತಟ್ಟಬಾರದು, ತಟ್ಟಬಾರದು’ ಎಂದು ಜಪ ಮಾಡುತ್ತಾ ಇಳಿದೆ. ತಟ್ಟಲಿಲ್ಲ ಎಂದು ಹೆಮ್ಮೆಯಿಂದ ಮೇಲೆ ಬಂದೆ. ಚಿತ್ರದಲ್ಲಿ ಕೈಗವಸು ಹಾಕಿದ ಕೈ ಮೂರು ಸಲ ತಟ್ಟುವುದು ಸ್ಪಷ್ಟವಾಗಿ ಕಾಣುತ್ತಿತ್ತು.

ಶನಿವಾರ ಬಸ್ಸು ಹತ್ತಿ ಹರಿಹರಕ್ಕೆ ಹೋದೆ. ಅಂಬಿಗ ಈಗ ಮುದುಕ. ಹೊಳೆದಂಡೆಯಲ್ಲಿ ತೆಪ್ಪ ಕವುಚಿ ಹಾಕಿಕೊಂಡು ತಳಕ್ಕೆ ಡಾಂಬರು ಸವರುತ್ತಿದ್ದ. “ಏನೋ, ಯಾರ್ ಬಿದ್ರು?” ಎಂದ ತಲೆಯೆತ್ತದೆ. ಯಾರೂ ಬಿದ್ದಿಲ್ಲ ಎಂದು ಎಲ್ಲ ವಿವರಿಸಿದೆ. ಡಾಂಬರಿನ ಕುಂಚ ಪಕ್ಕಕ್ಕಿಟ್ಟ.

“ನಿನ್ನ ಯಾರ್ ತಟ್ಟಿದ್ರು?”

“ನನ್ನನ್ಯಾಕ ತಟ್ಟಬೇಕು?”

“ಹೆಣ ತಟ್ಟಿದ ಕೈ ತಳದಾಗ ಉಳಿತೈತೆ. ದಂಡಿಗೆ ಬಂದ ಮ್ಯಾಲ ಜೀವ ಇರೋರು ಯಾರಾದ್ರೂ ನಿನ್ ಬೆನ್ನಿಗೆ ಮೂರು ತಟ್ಟಿ ಕರ್ಕೋಬೇಕು. ನನಗ ನಮ್ಮಾಕಿ ತಟ್ತಿದ್ಳು, ಬಾಗ್ಲಾಗ ನಿಂತು. ತಟ್ಟೋತನ ಒಳಗ ಬಿಡ್ತಿರ್ಲಿಲ್ಲ.”

“ಇದನ್ನ ನನಗ ಹೇಳೇ ಇಲ್ವಲ್ಲೋ!”

“ಹೇಳಾಕ ನೀನೆಲ್ಲಿ ನಿಂತಿ? ಹೆಣ ದಂಡಿಗೆ ಹಾಕಿದ್ದೇ ತಡ, ಜೀಪ್ ಹತ್ತಿ ಹೊಕ್ಕಿದ್ದಿ. ಸರ್ಕಾರಿ ಮನುಷ್ಯ.”

ಅವನು ಗೇಲಿ ಮಾಡಿದ್ದಲ್ಲ, ಇದ್ದದ್ದನ್ನೇ ಹೇಳಿದ್ದ. ವರದಿ ಬರೆಯಬೇಕು, ಪಂಚನಾಮೆ ಆಗಬೇಕು, ಇನ್ನೊಂದು ಕರೆ ಬಂದಿರುತ್ತದೆ. ಒದ್ದೆ ಬಟ್ಟೆಯಲ್ಲೇ ಜೀಪು ಹತ್ತುತ್ತಿದ್ದೆವು. ಅರ್ಧ ಪಾಠ ಕಲಿತು ಇಡೀ ಸೇವಾವಧಿ ಕಳೆದಿದ್ದೆ. “ನೀನೇ ಈಗ ತಟ್ಟಿಬಿಡಲ್ಲ,” ಎಂದೆ ನಗುತ್ತಾ. ಅವನು ನಗಲಿಲ್ಲ. “ಈಗ ದಂಡಿಮ್ಯಾಗ ತಟ್ಟಿದ್ರ ಏನ್ ಬಂತು? ನಿನ್ ಕೈ ಇಲ್ಲೆಲ್ಲೈತೆ?” ಎಂದು ಮತ್ತೆ ಕುಂಚ ಎತ್ತಿಕೊಂಡ. ಹಳೇ ಸೇತುವೆಯ ಕಂಬಗಳ ಬುಡದಲ್ಲಿ ನೀರು ಸುತ್ತುತ್ತಿತ್ತು. ಅತ್ತ ನೋಡದೆ ಬಸ್ ನಿಲ್ದಾಣಕ್ಕೆ ನಡೆದೆ.

ಬಸ್ಸಿನಲ್ಲಿ ಕೂತು ಒಂದು ತೀರ್ಮಾನಕ್ಕೆ ಬಂದೆ. ‘ಬೆನ್ನು ನೋವು, ಕ್ಷಮಿಸಿ’ ಎಂದು ಮೇಡಂಗೆ ಫೋನ್ ಮಾಡಿ ಕೈತೊಳೆದುಕೊಳ್ಳುವುದು ಸುಲಭವಿತ್ತು. ಆದರೆ ಇಲ್ಲಿ ಬೇರೆ ಕಲಿಸುವವರಿಲ್ಲ. ನಾನು ಬಿಟ್ಟರೆ ಡಾಕ್ಟರು ತಪ್ಪನ್ನು ಹುಡುಗಿಯ ಹೆಸರಿಗೆ ಬರೆಯುತ್ತಾರೆ, ಅವಳೂ ತನ್ನದೇ ದೋಷ ಎಂದುಕೊಳ್ಳುತ್ತಾಳೆ. ನೇರವಾಗಿ ಆವರಗೆರೆಯಲ್ಲಿ ಇಳಿದು ಅವರ ಮನೆಗೆ ಹೋದೆ.

ಅಜ್ಜಿ ಕೂಡ್ರಿ ಎಂದು ಚಾಪೆ ಹಾಸಿ, ಮಂಡಕ್ಕಿ ತಂದಿಟ್ಟಳು. ಮುಟ್ಟುವ ಮೊದಲೇ ಹೇಳಿಬಿಟ್ಟೆ. ನನ್ನ ಕೈ ಏನು ಮಾಡಿದ ಕೈ, ನಿಮ್ಮ ಮೊಮ್ಮಗಳನ್ನು ಹೇಗೆ ಹಿಡಿಯಿತು, ಎಲ್ಲವನ್ನೂ. ನನ್ನನ್ನೂ ಯಾರಾದರೂ ತಟ್ಟಿ ಕರೆಯಬೇಕೆಂಬ ಅಂಬಿಗನ ಮಾತನ್ನು ಮಾತ್ರ ಹೇಳಲಿಲ್ಲ, ಅದು ನನ್ನ ತಲೆನೋವು. ಮುದುಕಿ ಎದ್ದು ನನ್ನನ್ನು ಹೊರಗೆ ಕಳಿಸುತ್ತಾಳೆ ಎಂದುಕೊಂಡಿದ್ದೆ. ಅವಳು ನನ್ನ ಕೈಯನ್ನೇ ನೋಡಿದಳು.

“ಯಾರಾದ್ರೂ ತರಬೇಕಲ್ಲಪ್ಪ ಅವರನ್ನ. ನೀರಾಗ ಹಂಗ ಬಿಡಾಕ ಆಗ್ತೈತಾ?” ಅಂದಳು. “ಆದ್ರ ಇವಳನ್ನ ಹಂಗ ಹಿಡೀಬ್ಯಾಡ.”

ಹುಡುಗಿ ಗೋಡೆಗೆ ಒರಗಿ ಕೂತಿದ್ದಳು. “ತಟ್ಟಿ ಕರೆದ್ರ ಬಂದ್ರಾ ಸಾರ್ ಅವ್ರು?”

“ಬಂದ್ರವ್ವ.”

“ಎಲ್ರೂ?”

ಸುಳ್ಳು ಹೇಳಲು ಬಾಯಿ ಬರಲಿಲ್ಲ. “ಒಬ್ರು ಬರ್ಲಿಲ್ಲ,” ಅಂದೆ. ಹಳೇ ಸೇತುವೆಯ ಕಂಬದ ಬುಡದಲ್ಲಿ ಒಂದು ಸೀರೆ ಸಿಕ್ಕಿತ್ತು, ಸೀರೆಯೊಳಗೆ ಒಬ್ಬ ಹೆಣ್ಣುಮಗಳು. ಮೂರು ತಟ್ಟಿದೆ. ಕಲ್ಲಿಗೆ ಸಿಕ್ಕಿಕೊಂಡಿದ್ದ ಸೆರಗು ಬಿಡಲಿಲ್ಲ. ನನ್ನ ಗಾಳಿ ಮುಗಿಯುತ್ತಿತ್ತು. ಬಿಟ್ಟು ಮೇಲೆ ಬಂದೆ. ಮರುದಿನ ಬೆಳಿಗ್ಗೆ ಹೋದರೆ ಸೀರೆಯೂ ಇರಲಿಲ್ಲ, ಅವಳೂ ಇರಲಿಲ್ಲ, ಮತ್ತೆಲ್ಲೂ ಸಿಗಲಿಲ್ಲ. ಇದನ್ನು ನಾನು ಮನೆಯಲ್ಲಿ ಕೂಡ ಹೇಳಿರಲಿಲ್ಲ. ಆ ಮಗುವಿಗೆ ಹೇಳಿದೆ.

ಹುಡುಗಿ ಗೋಡೆ ಬಿಟ್ಟು ಮುಂದಕ್ಕೆ ಸರಿದು ಕೂತಳು. “ನಾಳೆ ನೀವು ನನ್ನ ಹಿಡೀಬ್ಯಾಡ್ರಿ. ನಾನು ನಿಮ್ಮ ಮೊಳಕೈ ಹಿಡೀತೀನಿ. ಎಳ್ಕೊಂಡು ಹೊಕ್ಕೀನಿ, ಸುಮ್ಮನೆ ಬರ್ರಿ.”

ಭಾನುವಾರ ಡಾಕ್ಟರು ಗಡಿಯಾರ ಹಿಡಿದು ಕೊಳದ ಅಂಚಿಗೆ ಕೂತರು. ಅಜ್ಜಿ ಅವರ ಪಕ್ಕದಲ್ಲಿ. ಯೋಜನೆಯನ್ನು ಡಾಕ್ಟರಿಗೂ ತಿಳಿಸಿದ್ದೆವು. ಮೇಡಂ ಹುಡುಗಿಯ ಆಚೆ ಬದಿಯಲ್ಲಿ ಕೈಯಳತೆಯಲ್ಲಿ ಇರುವುದು, ಏನಾದರೂ ಹೆಚ್ಚುಕಡಿಮೆಯಾದರೆ ತಕ್ಷಣ ಮೇಲೆ ತರುವುದು. ನಾನು ನನ್ನ ಎರಡೂ ಕೈಗಳನ್ನು ಎದೆಯ ಪಟ್ಟಿಯೊಳಗೆ ಮಣಿಕಟ್ಟಿನವರೆಗೆ ತೂರಿಸಿಕೊಂಡೆ. ಬೇಕೆಂದರೆ ಎಳೆದು ತೆಗೆಯಬಹುದು, ಆದರೆ ತೆಗೆದದ್ದು ನನಗೆ ಗೊತ್ತಾಗಬೇಕು, ಅಷ್ಟೇ.

ಇಳಿದೆವು. ಅವಳ ಎಡಗೈ ನನ್ನ ಮೊಳಕೈಯಲ್ಲಿ, ಬಲಗೈ ತಳದ ಹಗ್ಗದ ಮೇಲೆ. ಪ್ರತಿ ಗಂಟಿಗೂ ಒಂದು ಕ್ಷಣ ನಿಂತು ಮುಂದಕ್ಕೆ. ನನ್ನ ಜೀವನದಲ್ಲಿ ನೀರೊಳಗೆ ಇನ್ನೊಬ್ಬರು ಎಳೆದ ಕಡೆ ಹೋದದ್ದು ಅದೇ ಮೊದಲು. ಹತ್ತು, ಹನ್ನೆರಡು, ಹದಿನೈದು. ಹದಿನೆಂಟನೇ ಗಂಟಿನಲ್ಲಿ ಬೆಳಕು ಹಸಿರಾಯಿತು. ಪಟ್ಟಿಯೊಳಗೆ ನನ್ನ ಎಡಗೈ ಜೀವ ಬಂದ ಮೀನಿನಂತೆ ಹೊರಳಿತು. ಈ ಸಲ ಗೊತ್ತಾಯಿತು. ಹಲ್ಲುಕಚ್ಚಿ ಒತ್ತಿಹಿಡಿದೆ.

ಇಪ್ಪತ್ತನೇ ಗಂಟು. ಹುಡುಗಿಯ ಕಾಲುಗಳು ಆಡುತ್ತಲೇ ಇದ್ದವು. ನಿಂತದ್ದು ನನ್ನವು. ಯಾಕೆಂದು ಗೊತ್ತಿಲ್ಲ. ಟೈಲ್ಸಿನ ಗೋಡೆ ಮಸುಕಾಯಿತು, ಕಿವಿಯಲ್ಲಿ ನನ್ನದೇ ಉಸಿರು ದೂರದಿಂದ ಬಂದಂತೆ ಕೇಳಿಸಿತು. ಕಂಬದ ಬುಡದಲ್ಲಿ ಸೆರಗು ಹೇಗೆ ಆಡುತ್ತಿತ್ತೋ ಹಾಗೆ ಏನೋ ಒಂದು ಮುಂದೆ ಆಡುತ್ತಿತ್ತು. ಮೇಲೆ ಹೋಗಬೇಕು ಅನ್ನಿಸಲಿಲ್ಲ. ಗಾಳಿ ಬೇಕಾದಷ್ಟಿತ್ತು. ಸುಮ್ಮನೆ ಇಲ್ಲೇ ಇದ್ದುಬಿಡೋಣ, ಯಾರಾದರೂ ಹೊತ್ತುಕೊಂಡು ಹೋಗುತ್ತಾರೆ ಅನ್ನಿಸಿತು.

ಆಗ ಬೆನ್ನಿಗೆ ತಟ್ಟಿದ್ದು. ಸಿಲಿಂಡರಿನ ಕೆಳಗೆ, ಸೊಂಟದ ಮೇಲೆ. ಒಂದು. ಎರಡು. ಮೂರು.

ಹುಡುಗಿಯ ಒಂದು ಕೈ ನನ್ನ ಮೊಳಕೈಯಲ್ಲೇ ಇತ್ತು. ಇನ್ನೊಂದು ಹಗ್ಗದ ಮೇಲೆ ಇರಬೇಕಿತ್ತು. ಮೇಡಂ ಇದ್ದದ್ದು ಅವಳ ಆಚೆಗೆ, ಎರಡೂ ಕೈ ಕಾಣುವಂತೆ. ತಿರುಗಿ ನೋಡುವ ಧೈರ್ಯವಾಗಲಿಲ್ಲ. ಮೊಳಕೈಯನ್ನು ಯಾರೋ ಎರಡು ಸಲ ಹಿಸುಕಿದರು, ‘ಮೇಲೆ ಹೋಗೋಣ’. ನನ್ನ ಕಾಲುಗಳು ತಾವಾಗಿ ಆಡಿದವು. ಪಟ್ಟಿಯೊಳಗಿದ್ದ ಕೈಗಳು ಅಲ್ಲಾಡದೆ ಮಲಗಿದ್ದವು.

ತಲೆ ನೀರಿನಿಂದ ಹೊರಬಂದಾಗ ಬಿಸಿಲು ಬಿದ್ದಿತ್ತು. ಡಾಕ್ಟರು ಗಡಿಯಾರ ತೋರಿಸಿ, “ಹನ್ನೊಂದು ನಿಮಿಷ! ಹುಡುಗಿ ಒಂದು ಕ್ಷಣಾನೂ ಕಾಲು ನಿಲ್ಲಿಸ್ಲಿಲ್ಲ. ಮಧ್ಯೆ ನಿಂತೋರು ನೀವೇ ಸಾರ್,” ಎಂದು ನಕ್ಕು, ಸಮುದ್ರಕ್ಕೆ ಹೋಗಲು ಒಪ್ಪಿಗೆಯ ಕಾಗದ ತೊಡೆಯ ಮೇಲಿಟ್ಟುಕೊಂಡು ಸಹಿ ಮಾಡಿದರು. ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

ನಾನು ಹುಡುಗಿಯ ಕಿವಿಯ ಹತ್ತಿರ ಕೇಳಿದೆ. “ತಟ್ಟಿದ್ದು ನೀನೇನವ್ವ?”

“ಮತ್ಯಾರು? ಹಗ್ಗ ಬಿಟ್ಟು ತಟ್ಟಿದೆ ಸಾರ್. ನೀವು ಭಾರ ಆಗಿಬಿಟ್ಟಿದ್ರಿ.” ಮಾಸ್ಕ್ ಹಣೆಗೇರಿಸಿ ಮುಖದ ನೀರು ಒರೆಸಿಕೊಂಡಳು. ಆಮೇಲೆ ಕೈ ಚಾಚಿ ನನ್ನ ಹೆಗಲು, ತಲೆ, ಮುಖ ಮುಟ್ಟಿ ನೋಡಿದಳು, ನಾನು ಪೂರ್ತಿ ಮೇಲೆ ಬಂದಿದ್ದೇನೆಯೋ ಇಲ್ಲವೋ ಎಂದು.

“ಈಗ ಎಲ್ರೂ ಬಂದಂಗಾತಲ್ಲ ಸಾರ್?” ಅಂದಳು.

ನಾನು ಕೊಳದ ಅಂಚು ಹಿಡಿದು ಅತ್ತುಬಿಟ್ಟೆ. ನೀರಲ್ಲಿದ್ದದ್ದರಿಂದ ಯಾರಿಗೂ ಗೊತ್ತಾಗಲಿಲ್ಲ. ಅವಳ ಕೈ ಇನ್ನೂ ನನ್ನ ಕೆನ್ನೆಯ ಮೇಲಿತ್ತು, ಅವಳಿಗೆ ಗೊತ್ತಾಯಿತು.